ಕೆಂಪು ಗುರುತಿನ ಗಡಿಯಾರ

"ಗುರುಗಳೇ, ಮೌನ ಹಿಡಿದು ಕುಳಿತವನನ್ನು ಈ ಲೋಕ ಸುಮ್ಮನೆ ಏಕೆ ಬಿಡುವುದಿಲ್ಲ?" ಎಂದು ಶಿಷ್ಯ ಗುರುಶಾಂತ ಕೇಳಿದ. ಸಿಟ್ಟಿಗೆ ಅವನ ಮುಖ ಕೆಂಪಾಗಿತ್ತು. "ನಿನ್ನೆ ಸಂಜೆ ನಾನು ಮೌನದಲ್ಲಿದ್ದಾಗ ಯಾರೋ ಮಠದ ಬಾಗಿಲನ್ನು ಒಂದೇ ಸಮನೆ ಬಡಿದರು. ನಾನು ಅಗಳಿ ತೆಗೆಯಲಿಲ್ಲ. ಬಡಿದು ಬಡಿದು ಹೋದರು. ನನ್ನ ಮನಸ್ಸು ಮಾತ್ರ ಕೆಟ್ಟಿತು. ಇಂಥವರಿಂದ ಮೌನವನ್ನು ಕಾಪಾಡಿಕೊಳ್ಳುವುದು ಹೇಗೆ?"

ಗುರುಗಳು ಒಂದು ಕತೆ ಹೇಳಿದರು.

ಕಡಲ ತೀರದ ಊರೊಂದರಲ್ಲಿ ಒಬ್ಬ ಶ್ರೀಮಂತನಿದ್ದ. ಹಳೆಯ ಹಡಗುಗಳ ರೇಡಿಯೊ ಕೂಡಿಹಾಕುವುದು ಅವನ ಹುಚ್ಚು. ಎಲ್ಲಿ ಹಡಗು ಒಡೆಯುತ್ತಾರೆಂದು ಕಿವಿಗೆ ಬಿದ್ದರೂ ಓಡುತ್ತಿದ್ದ. ತುಕ್ಕು ಹಿಡಿದ ಪೆಟ್ಟಿಗೆಗಳನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಬರುತ್ತಿದ್ದ. ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ತಾನೇ ಉಜ್ಜುತ್ತಿದ್ದ. ಅವುಗಳಲ್ಲಿ ಒಂದಂತೂ ಜಗತ್ತಿನಲ್ಲಿ ಇನ್ನೆಲ್ಲೂ ಉಳಿದಿಲ್ಲವೆಂದು ಬಲ್ಲವರು ಹೇಳಿದ್ದರು. ಅದನ್ನು ಅವನು ಒಮ್ಮೆಯೂ ಹಚ್ಚಿದವನಲ್ಲ. ಒಳಗಿನ ಗಾಜಿನ ವಾಲ್ವು ಸುಟ್ಟುಹೋದರೆ ಬೇರೆ ಎಲ್ಲಿ ಸಿಗಬೇಕು?

ಆ ರೇಡಿಯೊದ ಮೇಲೆ ಒಂದು ಹಡಗಿನ ಗಡಿಯಾರವಿತ್ತು. ಅದರ ಮುಖದಲ್ಲಿ ಎರಡು ಕಡೆ ಕೆಂಪು ಬಳಿದಿತ್ತು. ಬಂದವರಿಗೆಲ್ಲ ಅದರ ವಿಷಯ ಹೇಳದೆ ಅವನು ಕಾಫಿ ಕೊಡುತ್ತಿರಲಿಲ್ಲ. ಹಿಂದಿನ ಕಾಲದಲ್ಲಿ ಮುಳ್ಳು ಆ ಕೆಂಪಿಗೆ ಬಂದೊಡನೆ ಕಡಲ ಮೇಲಿನ ಹಡಗುಗಳು ರೇಡಿಯೊದಲ್ಲಿ ಸಂದೇಶ ಕಳಿಸುವುದನ್ನು ನಿಲ್ಲಿಸಬೇಕಿತ್ತು. ಗಂಟೆಗೆ ಎರಡು ಸಲ, ಮೂರು ಮೂರು ನಿಮಿಷ ಬರೀ ಕೇಳುವುದು. ಎಲ್ಲೋ ಮುಳುಗುತ್ತಿರುವವರ ಸಣ್ಣ ಕೂಗು ಉಳಿದವರ ಹರಟೆಯಲ್ಲಿ ಕಳೆದುಹೋಗಬಾರದೆಂದು ಈ ಕಟ್ಟಳೆ. ಇದನ್ನು ಹೇಳುವಾಗ ಅವನು ಕಣ್ಣು ಒರೆಸಿಕೊಳ್ಳುತ್ತಿದ್ದ.

ಹೇಳಿ ಹೇಳಿ ಅವನಿಗೂ ಆ ನೇಮದ ಮೇಲೆ ಭಕ್ತಿ ಬಂತು. ದಿನಾ ಸಂಜೆ ಮುಳ್ಳು ಕೆಂಪಿಗೆ ಬಂದರೆ ಸಾಕು, ಹೆಡ್‌ಫೋನ್ ಏರಿಸಿಕೊಂಡು ಆ ಪೆಟ್ಟಿಗೆಯ ಮುಂದೆ ಕಣ್ಣು ಮುಚ್ಚಿ ಕೂರುತ್ತಿದ್ದ. ಆಗ ಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಹೆಂಡತಿ ಒಗ್ಗರಣೆ ಹಾಕುವಂತೆಯೂ ಇರಲಿಲ್ಲ. ಪೆಟ್ಟಿಗೆಗೆ ಕರೆಂಟಿಲ್ಲ, ಏರಿಯಲ್ ಇಲ್ಲ. ಏನು ಕೇಳುತ್ತಿದ್ದನೋ ಮಹಾನುಭಾವ!

ಅವನ ಮನೆಯ ಕೆಳಗೇ ಹೊಳೆ ಕಡಲು ಸೇರುವ ಅಳಿವೆ. ದಡದಲ್ಲಿ ಅವನದೊಂದು ದೋಣಿ ಸರಪಳಿ ಬಿಗಿಸಿಕೊಂಡು ನಿಂತಿತ್ತು. ಬೀಗದ ಕೈ ಯಾವಾಗಲೂ ಅವನ ಜೇಬಿನಲ್ಲಿ. ಒಂದು ಸಂಜೆ, ಊರಿನ ದೋಣಿಗಳೆಲ್ಲ ಮೀನಿಗೆ ಹೋಗಿದ್ದ ಹೊತ್ತಿನಲ್ಲಿ, ಒಬ್ಬ ಹೆಂಗಸು ಏದುಸಿರು ಬಿಡುತ್ತ ಒಳಗೆ ನುಗ್ಗಿದಳು.

"ಒಡೆಯರೇ, ನನ್ನ ತಮ್ಮನ ದೋಣಿ ಮಗುಚಿತು! ನೀರಲ್ಲಿ ಕೈ ಬಡೀತಾ ಇದ್ದಾನೆ. ನಿಮ್ಮ ದೋಣಿಯ ಬೀಗದ ಕೈ ಕೊಡಿ, ಬೇಗ ಕೊಡಿ!"

ಅವನಿಗೆ ಕೇಳಿಸಲಿಲ್ಲವೆಂದರೆ ಸುಳ್ಳಾಗುತ್ತದೆ. ಚೆನ್ನಾಗಿ ಕೇಳಿಸಿತು. ಕಣ್ಣು ತೆರೆದ, ತುಟಿಯ ಮೇಲೆ ಬೆರಳಿಟ್ಟ, ಗಡಿಯಾರ ತೋರಿಸಿದ. ಮುಳ್ಳು ಕೆಂಪಿನಲ್ಲಿತ್ತು. ಅವಳು ಕಾಲು ಹಿಡಿದಳು. ಕಿರುಚಿದಳು. ಇಷ್ಟು ವರ್ಷ ತಪ್ಪದ ನೇಮ ಈ ಬಾಯಿಬಡುಕಿಯಿಂದ ತಪ್ಪಬೇಕೇ ಎಂದು ಅವನಿಗೆ ಮೈ ಉರಿಯಿತು. ಅವಳು ಜೇಬಿಗೆ ಕೈ ಹಾಕಲು ಬಂದಾಗ ಆ ಕೈಯನ್ನು ತಳ್ಳಿ ಮತ್ತೆ ಕಣ್ಣು ಮುಚ್ಚಿದ.

ಮುಳ್ಳು ಕೆಂಪು ದಾಟಿತು. ಅವನು ಹೆಡ್‌ಫೋನ್ ತೆಗೆದು, ಬಟ್ಟೆಯಲ್ಲಿ ಒರೆಸಿ ಮೇಜಿನ ಮೇಲಿಟ್ಟು, "ಈಗ ಹೇಳಮ್ಮ, ಏನು ಸಮಾಚಾರ?" ಎಂದ.

ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಅಳಿವೆಯಲ್ಲಿ ಬೋರಲು ಬಿದ್ದ ದೋಣಿಯೊಂದೇ ತೇಲುತ್ತಿತ್ತು.

"ಇನ್ನು ಹೇಳೋದಕ್ಕೆ ಏನೂ ಇಲ್ಲ," ಎಂದಳು.

ಆ ಮೇಲಾದರೂ ಅವನಿಗೆ ನಾಚಿಕೆಯಾಯಿತೇ? ಎಲ್ಲಿಯ ನಾಚಿಕೆ! ಅಂಥ ಗದ್ದಲದಲ್ಲಿಯೂ ತನ್ನ ಮೌನ ಮುರಿಯಲಿಲ್ಲವೆಂದು, ಬಂದವರಿಗೆ ಗಡಿಯಾರದ ವಿಷಯದ ಜೊತೆಗೆ ಇದನ್ನೂ ಸೇರಿಸಿ ಹೇಳತೊಡಗಿದ. ನೆನೆದರೆ ಈಗಲೂ ನನ್ನ ರಕ್ತ ಕುದಿಯುತ್ತದೆ.

ಗುರುಗಳು ಇಷ್ಟು ಹೇಳುವಷ್ಟರಲ್ಲಿ ಗುರುಶಾಂತ ಎದ್ದು ನಿಂತಿದ್ದ.

"ಥೂ! ಅವನೂ ಒಬ್ಬ ಮನುಷ್ಯನೇ, ಗುರುಗಳೇ? ಕಣ್ಣೆದುರು ಒಂದು ಜೀವ ಹೋಗುತ್ತಿರುವಾಗ ಆ ಬೀಗದ ಕೈ ಎತ್ತಿ ಕೊಡುವುದಕ್ಕೆ ಅವನಿಗೇನು ಧಾಡಿಯಾಗಿತ್ತು?"

ಗುರುಗಳು ಕೇಳಿದರು: "ನಿನ್ನೆ ಬಾಗಿಲು ಬಡಿದವರು ಯಾರಪ್ಪ?"