ಸಿಂಗಾರಿಯ ಹೊಲಿಗೆಯೂ ಜವರಾಯಿಯ ಮದುವೆಯೂ

ಹೂಂಗುಟ್ಟುತ್ತಾ ಕೇಳಬೇಕು. ನಡುವೆ ಯಾರಾದರೂ ಆಕಳಿಸಿದರೆ ನಾನು ಅಲ್ಲಿಗೇ ಎದ್ದು ಹೋಗುವವನು.

ಒಂದೂರಲ್ಲಿ ಹಪ್ಪಳದ ಹೊನ್ನಮ್ಮ ಅಂತ ಇದ್ದಳು. ಅವಳ ಮನೆಯಲ್ಲಿ ಇದ್ದದ್ದು ಒಬ್ಬ ಮಗ, ಒಂದು ಹೆಣ್ಣು ನಾಯಿ. ಮಗ ಜವರಾಯಿ, ನಾಯಿ ಸಿಂಗಾರಿ. ಇಬ್ಬರಲ್ಲಿ ಬುದ್ಧಿ ಇದ್ದದ್ದು ಸಿಂಗಾರಿಗೆ. ಜವರಾಯಿಗೆ ಮೀಸೆ ಬಂದು ಎಂಟು ವರ್ಷವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು, ಒಂದು ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. "ನಾನು ಕಣ್ಮುಚ್ಚಿದರೆ ಇವನಿಗೆ ಯಾರು ಗತಿ?" ಅಂತ ಹೊನ್ನಮ್ಮ ಹಪ್ಪಳ ಲಟ್ಟಿಸುತ್ತಲೇ ಕಣ್ಣೊರೆಸಿಕೊಳ್ಳುವಳು.

ಕೆರೆಯಾಚೆ ಹಳ್ಳಿಯ ಚಿಕ್ಕಲಿಂಗಯ್ಯನಿಗೆ ಮದುವೆಗೆ ಬಂದ ಮಗಳಿದ್ದಳು. ಹೊನ್ನಮ್ಮ ಹೋಗಿ ಹೆಣ್ಣು ಕೇಳಿದಳು. ಆತ ತಲೆ ಕೆರೆದುಕೊಂಡ.

"ನಿನ್ನ ಮಗ ದಡ್ಡ ಅಂತ ಊರೆಲ್ಲಾ ಅಂತದೆ ಕಣಮ್ಮ. ನಾಳೆ ನಿನ್ನ ನಾಯಿಗೆ ಮರಿ ಆಗದಂಗೆ ಆಪರೇಷನ್ ಮಾಡುಸ್ತೀಯಂತಲ್ಲ? ಆ ಜೀವಾನ ಹತ್ತು ದಿನ ಅವನೇ ನೋಡ್ಕೊಳ್ಳಲಿ. ನಾಯಿ ನೆಟ್ಟಗಾದ್ರೆ ನನ್ನ ಮಗಳ್ನ ಕೊಡ್ತೀನಿ. ಹನ್ನೊಂದ್ನೇ ದಿನ ಬತ್ತೀನಿ."

ಆಪರೇಷನ್ ಆಯಿತು. ದನದಾಸ್ಪತ್ರೆಯ ಡಾಕ್ಟರಮ್ಮ ಸಿಂಗಾರಿಯ ಕುತ್ತಿಗೆಗೆ ಲಾಳಿಕೆಯಂಥ ಪ್ಲಾಸ್ಟಿಕ್ ಪಟ್ಟಿ ಕಟ್ಟಿ, "ಇದನ್ನ ತೆಗೀಬೇಡಪ್ಪ. ನಾಯಿ ಹೊಲಿಗೆ ನೆಕ್ಕಬಾರದು, ಹಾರಬಾರದು. ಹೊಲಿಗೆ ಬಿಚ್ಚಿದರೆ ಜೀವಕ್ಕೇ ಅಪಾಯ" ಅಂದರು.

ಜವರಾಯಿ ತೆಗೆಯಲಿಲ್ಲ. ಸಿಂಗಾರಿ ಗಂಜಿಯ ತಟ್ಟೆಗೆ ಬಾಯಿ ಹಾಕಲು ಹೋದರೆ ಪಟ್ಟಿ ತಟ್ಟೆಯ ಅಂಚಿಗೆ ತಾಗಿ ಠಣ್! ಮತ್ತೆ ಹೋದರೆ ಮತ್ತೆ ಠಣ್! ಸಂಜೆಗೆ ಹೊನ್ನಮ್ಮ ಸಂತೆಯಿಂದ ಬಂದು ನೋಡಿದರೆ ಗಂಜಿ ಹಾಗೇ ಇದೆ, ನಾಯಿಯ ಹೊಟ್ಟೆ ಬೆನ್ನಿಗೆ ಹತ್ತಿದೆ.

"ಅಯ್ಯೋ ನಿನ್ನ ಬುದ್ಧಿಗಷ್ಟು! ಉಣ್ಣೋವಾಗ ಕುತ್ತಿಗೇದ್ನ ತೆಗೀಬೇಕು ಕಣ್ಲಾ, ಉಂಡ್ಮೇಲೆ ಮತ್ತೆ ಕಟ್ಬೇಕು!"

"ಅದ್ನ ಮುಂಚೇನೇ ಹೇಳ್ಬಾರ್ದಾ ಅವ್ವ?"

ಮಾರನೆಯ ದಿನ ಪಕ್ಕದ ಮನೆ ಕಾಳಮ್ಮ ನಾಯಿಯನ್ನು ಮಾತಾಡಿಸಲು ಬಂದಳು. ಹೊನ್ನಮ್ಮ ಒಳಗಿದ್ದಳು. ಕಾಳಮ್ಮ ಜಗುಲಿಯಲ್ಲಿ ಕೂತು ಎರಡು ಹಪ್ಪಳ ಮುರಿದು ಬಾಯಿಗಿಟ್ಟಳೋ ಇಲ್ಲವೋ, ಜವರಾಯಿ ಅವಳ ತಾಳಿಗೇ ಕೈ ಹಾಕಿದ!

"ಏನ್ಲಾ ಇದು ಅನಿಷ್ಟ!"

"ಉಣ್ಣೋವಾಗ ಕುತ್ತಿಗೇದು ಇರಬಾರ್ದು ಕಣಕ್ಕ. ಉಂಡ್ಮೇಲೆ ನಾನೇ ಕಟ್ತೀನಿ!"

ಕಾಳಮ್ಮನ ಕೂಗಿಗೆ ಬೀದಿಯೆಲ್ಲ ನೆರೆಯಿತು. ಅವಳ ಗಂಡ ಪಂಚೆ ಎತ್ತಿಕಟ್ಟಿ ಬಂದ. ಹೊನ್ನಮ್ಮ ಕಾಲಿಗೆ ಬಿದ್ದು ಅವರಿಬ್ಬರನ್ನು ಸಮಾಧಾನ ಮಾಡಿ ಕಳಿಸಿ, ಮಗನ ಕಿವಿ ಹಿಂಡಿದಳು.

"ಬಂದೋರ ಮ್ಯಾಲೆ ಬೀಳ್ತಾರೇನ್ಲಾ? ದೂರ ನಿಂತು, ಕೈ ಮುಗ್ದು, 'ಕೂತ್ಕಳಿ, ತಿನ್ನಿ, ನಾಚ್ಕಬ್ಯಾಡಿ' ಅನ್ಬೇಕು!"

"ಅದ್ನ ಮುಂಚೇನೇ ಹೇಳ್ಬಾರ್ದಾ ಅವ್ವ?"

ನಾಲ್ಕನೆಯ ದಿನ ಅಂಗಳದ ತುಂಬ ಹಪ್ಪಳ ಒಣಹಾಕಿ ಹೊನ್ನಮ್ಮ ನೀರಿಗೆ ಹೋದಳು. ಬಂದವು ಕೋತಿಗಳು! ಹಿಂದೆಲ್ಲ ಅವುಗಳನ್ನು ಓಡಿಸುತ್ತಿದ್ದದ್ದು ಸಿಂಗಾರಿ. ಈಗ ಪಾಪ ಕಂಬಕ್ಕೆ ಕಟ್ಟಿಸಿಕೊಂಡು ಕುಂಯ್‌ಗುಟ್ಟುತ್ತಿದ್ದಳು. ಜವರಾಯಿ ದೂರ ನಿಂತ, ಕೈ ಮುಗಿದ.

"ಕೂತ್ಕಳಿ, ತಿನ್ನಿ, ನಾಚ್ಕಬ್ಯಾಡಿ!"

ಕೋತಿಗಳು ಕೂತುಕೊಂಡವು, ತಿಂದವು, ನಾಚಿಕೊಳ್ಳಲಂತೂ ಇಲ್ಲ. ಒಂದು ಮರಿಕೋತಿ ಎರಡು ಹಪ್ಪಳ ಕಂಕುಳಲ್ಲಿಟ್ಟುಕೊಂಡೇ ಹೋಯಿತು.

ಹೊನ್ನಮ್ಮ ಬಿಂದಿಗೆ ಕುಕ್ಕಿದಳು. "ನನ್ನ ಹೊಟ್ಟೆ ಉರಿಸಕ್ಕೇ ಹುಟ್ಟಿದ್ಯಲ್ಲೋ! ತಗಡು ಬಡೀಬೇಕು, ಕಲ್ಲು ಬೀಸ್ಬೇಕು, ಅಂಗಳಕ್ಕೆ ಕಾಲಿಕ್ಕಕ್ಕೇ ಬಿಡಬಾರ್ದು!"

"ಅದ್ನ ಮುಂಚೇನೇ ಹೇಳ್ಬಾರ್ದಾ ಅವ್ವ?"

ಆರನೆಯ ದಿನ ಹೊಲಿಗೆ ನೋಡಿ ಬರಲು ಡಾಕ್ಟರಮ್ಮ ಕಾಂಪೌಂಡರನ್ನು ಕಳಿಸಿದರು. ಪಾಪದ ಮನುಷ್ಯ, ಚೀಲ ಹಿಡಿದು ಅಂಗಳಕ್ಕೆ ಕಾಲಿಟ್ಟ. ಜವರಾಯಿ ತಗಡು ಬಡಿದ! ಕಲ್ಲು ಬೀಸಿದ! ಕಾಂಪೌಂಡರು ಚೀಲ ಬಿಸಾಕಿ ಕಾಳಮ್ಮನ ಗೋಡೆ ಹತ್ತಿದ. ಆ ಸದ್ದಿಗೆ ಸಿಂಗಾರಿ ಬೆದರಿ ಒಂದೇ ನೆಗೆತ ನೆಗೆದಳು. ಹೊಲಿಗೆಯ ಹತ್ತಿರ ರಕ್ತ ಜಿನುಗಿತು.

ಹಿತ್ತಲಿಂದ ಓಡಿಬಂದ ಹೊನ್ನಮ್ಮ ನಾಯಿಯನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ನಾಯಿ ಹೋದರೆ ಹೆಣ್ಣೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಏಳು ವರ್ಷ ಬಾಗಿಲು ಕಾದ ಸಿಂಗಾರಿ ಹೋದರೆ ತಾನು ಬದುಕುವುದಾದರೂ ಹೇಗೆ ಅಂತ ದಾರಿಯುದ್ದಕ್ಕೂ ಅತ್ತಳು.

"ಒಂದು ಹೊಲಿಗೆ ಸಡಿಲಾಗಿದೆ, ಒಳಗೆ ಗಟ್ಟಿಯಿದೆ. ಇನ್ನೊಂದು ಸಲ ಹೀಗಾದರೆ ನನ್ನ ಕೈಲಿಲ್ಲ" ಅಂದರು ಡಾಕ್ಟರಮ್ಮ.

ಮನೆಗೆ ಬಂದ ಹೊನ್ನಮ್ಮ ಈ ಸಲ ಬೈಯಲಿಲ್ಲ, ಮಗನ ಕೆನ್ನೆ ಹಿಡಿದು ಒಂದೊಂದೇ ಮಾತು ಬಿಡಿಸಿ ಹೇಳಿದಳು. "ನೋಡಪ್ಪ, ಯಾರಾರ ನೋಡಕ್ಕೆ ಅಂತ ಬಂದ್ರೆ, ಒಳಕ್ಕೆ ಕರೀಬೇಕು. ಚಾಪೆ ಹಾಸ್ಬೇಕು. ಅಂಗಾತ ಮಲಗಿಸಿ ಹೊಟ್ಟೆ ತೋರುಸ್ಬೇಕು. 'ಆಪರೇಷನ್ ಚೆನ್ನಾಗಾಗೈತೆ, ಹೊಲಿಗೆ ಒಣಗೈತೆ, ಇನ್ನು ಮರಿ ತಾಪತ್ರಯ ಇಲ್ಲ, ಮುಟ್ಟಿ ನೋಡಿ' ಅಂತ ಒಳ್ಳೆ ಮಾತ್ನಲ್ಲಿ ಹೇಳ್ಬೇಕು. ಅಲ್ಲೀಗಂಟ ನಾಯಿ ಪಕ್ಕದಿಂದ ಅಲ್ಲಾಡಬ್ಯಾಡ."

ಅಲ್ಲಾಡಲಿಲ್ಲ. ನಾಲ್ಕು ದಿನ ನಾಯಿಯ ಪಕ್ಕ ಕಲ್ಲಿನಂತೆ ಕೂತ. ಉಂಡದ್ದೂ ಅಲ್ಲೇ, ಮಲಗಿದ್ದೂ ಅಲ್ಲೇ. ಹತ್ತನೆಯ ದಿನ ಡಾಕ್ಟರಮ್ಮ ಹೊಲಿಗೆ ಬಿಚ್ಚಿ, "ಚೆನ್ನಾಗಿ ನೋಡಿಕೊಂಡಿದ್ದೀಯಪ್ಪ" ಅಂದಾಗ ಹೊನ್ನಮ್ಮನಿಗೆ ಮಗನ ಮೇಲೆ ಮೊದಲ ಸಲ ಹೆಮ್ಮೆಯಾಯಿತು.

ಹನ್ನೊಂದನೆಯ ದಿನ ಚಿಕ್ಕಲಿಂಗಯ್ಯ ಬಂದ. ಸಿಂಗಾರಿ ಅಂಗಳದ ತುಂಬ ಓಡಾಡುತ್ತಾ ಕೋತಿಗಳನ್ನು ಮರ ಹತ್ತಿಸುತ್ತಿದ್ದಳು.

"ಭೇಷ್! ನಾನು ಮಾತು ತಪ್ಪೋನಲ್ಲ. ಹೆಣ್ಣು ಕೊಟ್ಟೆ ಅಂತ ತಿಳ್ಕೋ. ಎಲ್ಲಿ, ಹುಡುಗನ್ನ ಒಂದ್ಸಲ ಕರಿ."

ಹೊನ್ನಮ್ಮ ಸಂತೋಷದಲ್ಲಿ ಕೂಗಿದಳು. "ಮಗಾ, ಬಾರೋ! ನಿನ್ನ ನೋಡಕ್ಕೆ ಬಂದವ್ರೆ!"

ಜವರಾಯಿ ಬಂದ. "ಒಳಕ್ಕೆ ಬನ್ನಿ" ಅಂದ. ಚಾಪೆ ಹಾಸಿದ. ಅಂಗಿಯನ್ನು ಕುತ್ತಿಗೆಯವರೆಗೂ ಎತ್ತಿ, ಅಂಗಾತ ಮಲಗಿ, ಕೈಕಾಲು ನಾಲ್ಕನ್ನೂ ಮೇಲೆತ್ತಿದ.

"ಆಪರೇಷನ್ ಚೆನ್ನಾಗಾಗೈತೆ ಮಾವ! ಹೊಲಿಗೆ ಒಣಗೈತೆ! ಇನ್ನು ಮರಿ ತಾಪತ್ರಯ ಇಲ್ಲ!"

ಚಿಕ್ಕಲಿಂಗಯ್ಯ ಚಪ್ಪಲಿ ಕೈಗೆತ್ತಿಕೊಂಡು, ತಿರುಗಿ ನೋಡದೆ ಕೆರೆ ಏರಿಯ ಮೇಲೆ ಬಿದ್ದೆನೋ ಎದ್ದೆನೋ ಅಂತ ಓಡಿದ.

"ಏಳೋ, ಏಳೋ ಮುಂಡೇದೆ!" ಅಂತ ಹೊನ್ನಮ್ಮ ಎದೆ ಎದೆ ಬಡಿದುಕೊಂಡಳು.

"ತಾಳವ್ವ," ಅಂದ ಜವರಾಯಿ, ಮಲಗಿದ್ದಲ್ಲಿಂದಲೇ. "ಅವ್ರಿನ್ನೂ ಮುಟ್ಟಿ ನೋಡ್ಲಿಲ್ಲ."