ಆಚೆ ದಡದ ಅಕ್ಕ

ಫೆಬ್ರವರಿ ಹನ್ನೊಂದು, ಮಂಗಳವಾರ. ಒಣ ಬಿಸಿಲು, ಗಾಳಿ ಇರಲಿಲ್ಲ.

ಶಿಷ್ಯನೊಬ್ಬ ಅರ್ಜಿಯ ಹಾಳೆಗಳನ್ನು ಹಿಡಿದು ಗುರುಗಳ ಮುಂದೆ ಕುಳಿತ. ಸೇನೆಯ ಗುಪ್ತ ಕಡತಗಳನ್ನು ಕಾಯುವ ಕಚೇರಿಯಲ್ಲಿ ಅವನಿಗೆ ಕೆಲಸ ಸಿಗುವುದರಲ್ಲಿತ್ತು.

"ಗುರುಗಳೇ, ಹೊರದೇಶದಲ್ಲಿರುವ ಬಂಧುಗಳ ಹೆಸರು ಬರೆಯಬೇಕಂತೆ. ಮದುವೆಯಾಗಿ ಹೊರದೇಶಕ್ಕೆ ಹೋದ ನನ್ನ ಅಕ್ಕ ಈಗ ಅಲ್ಲಿನ ಪ್ರಜೆ. ಬರೆದರೆ ಕೆಲಸ ಕೈತಪ್ಪಬಹುದು. ಒಂದು ಹೆಸರು ಬಿಟ್ಟರೆ ಯಾರಿಗೆ ನಷ್ಟ?"

ಗುರುಗಳು ಒಂದು ಕತೆ ಹೇಳಿದರು.

ಎರಡು ರಾಜ್ಯಗಳ ನಡುವೆ ಒಂದು ನದಿ. ಈಚೆ ದಡದಲ್ಲಿ ಕೋಟೆ. ಅದರ ಬಾಗಿಲಿನ ಬೀಗದ ಕೈ ಇಟ್ಟುಕೊಳ್ಳಲು ಒಬ್ಬ ಆಳು ಬೇಕಾಗಿದ್ದ. ಬಂದವರನ್ನೆಲ್ಲ ಕೋಟೆಯ ಅಧಿಕಾರಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಆಚೆ ದಡದಲ್ಲಿ ಯಾರು ಸತ್ತರೆ ನೀನು ಸೂತಕದ ಸ್ನಾನ ಮಾಡಬೇಕು?"

ಮೊದಲು ಬಂದ ರೈತ, "ನನ್ನ ಸೋದರಮಾವ" ಎಂದ. ಅಧಿಕಾರಿ ಹೆಸರು, ಊರು ಬರೆದುಕೊಂಡು, "ಆ ಕಡೆ ನಿಂತಿರು, ಯೋಚಿಸಬೇಕು" ಎಂದ.

ರೈತನ ಹಿಂದೆ ನಿಂತಿದ್ದವನು ಒಬ್ಬ ನೇಕಾರ. ಅವನ ಅಕ್ಕ ಆಚೆ ದಡದಲ್ಲಿದ್ದಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಕಂಕುಳಲ್ಲಿ ಹೊತ್ತು ಸಾಕಿದವಳು. ಬದಿಗೆ ನಿಂತ ರೈತನನ್ನು ನೋಡಿ ನೇಕಾರ ಹೇಳಿದ: "ನನಗೆ ಯಾರೂ ಇಲ್ಲ." ಬೀಗದ ಕೈ ಅವನಿಗೆ ಸಿಕ್ಕಿತು.

ಹದಿನೈದು ದಿನ ವಿಚಾರಿಸಿ ರೈತನಿಗೂ ಕೋಟೆಯ ಕಣಜದಲ್ಲಿ ಕೆಲಸ ಕೊಟ್ಟರು. ಅವನು ವರ್ಷಕ್ಕೊಮ್ಮೆ ಅಧಿಕಾರಿಗೆ ಹೇಳಿ ಹೋಗಿ ಮಾವನನ್ನು ನೋಡಿ ಬರುತ್ತಿದ್ದ. ನೇಕಾರ ನದಿ ದಾಟಲಿಲ್ಲ. ಇಲ್ಲವೆಂದು ಹೇಳಿದ ಅಕ್ಕನ ಮನೆಗೆ ಯಾವ ಹೆಸರು ಹೇಳಿ ಹೋಗುವುದು? ಗೌರಿ ಹಬ್ಬಕ್ಕೆ ಬಾಗಿನ ಕಳಿಸುವುದೂ ನಿಂತಿತು. ಆದರೆ ದಿನವೂ ಸಂಜೆ ಬುರುಜು ಹತ್ತುತ್ತಿದ್ದ. ಆಚೆ ದಡದ ಮೆಟ್ಟಿಲ ಮೇಲೆ ಅಕ್ಕ ಬಿಂದಿಗೆ ಇಳಿಸಿ ಈ ಕಡೆ ನೋಡುತ್ತಿದ್ದಳು. ಹಬ್ಬದ ದಿನ ಬಹಳ ಹೊತ್ತು ನಿಲ್ಲುತ್ತಿದ್ದಳು. ಅವನು ಕೈ ಎತ್ತುತ್ತಿರಲಿಲ್ಲ.

"ಏನ್ ಬೀಗದಪ್ಪ, ದಿನಾ ಅದೇ ನೋಟ! ಆಚೆ ಊರಲ್ಲಿ ಹೆಣ್ಣು ಗೊತ್ತು ಮಾಡ್ಕೊಂಡಿದೀಯಾ?" ಎಂದು ಕಾವಲಿನವರು ನಗುತ್ತಿದ್ದರು.

"ನೀರು ಎಷ್ಟು ಇಳಿದಿದೆ ಅಂತ ನೋಡ್ತಿದ್ದೆ ಕಣ್ರಯ್ಯ."

ಹೀಗೆ ಹನ್ನೊಂದು ವರ್ಷ. ಒಂದು ಬೆಳಿಗ್ಗೆ ಆಚೆಯಿಂದ ದೋಣಿಯವನೊಬ್ಬ ಬಾಗಿಲಿಗೆ ಬಂದ. ಅಧಿಕಾರಿ ಪಕ್ಕದಲ್ಲೇ ಇದ್ದ.

"ಅಣ್ಣಾ, ನಿಮ್ಮ ಅಕ್ಕ ಹೋಗಿಬಿಟ್ರು. ತವರಿನ ಸೀರೆ ಹೊದಿಸದೆ ಎತ್ತೋದಿಲ್ಲ ಅಂತ ಎಲ್ಲರೂ ಕಾಯ್ತಾ ಕೂತಿದಾರೆ. ಬೇಗ ಬನ್ನಿ."

ನೇಕಾರ ಅಧಿಕಾರಿಯ ಮುಖ ನೋಡಿದ. "ಯಾವ ಅಕ್ಕ? ನೀನು ಬಾಗಿಲು ತಪ್ಪಿ ಬಂದಿದ್ದೀಯ" ಎಂದ.

ದೋಣಿಯವನು ನದಿಗೆ ಇಳಿದು ಹೋದ. ನೇಕಾರ ಸ್ನಾನ ಮಾಡಲಿಲ್ಲ. ಮಧ್ಯಾಹ್ನ ಎಲ್ಲರ ಸಾಲಿನಲ್ಲಿ ಕೂತು ಉಂಡ. ಸಂಜೆ ಬುರುಜು ಹತ್ತಿದಾಗ ಆಚೆ ದಡದಲ್ಲಿ ಹೊಗೆ ಏಳುತ್ತಿತ್ತು.

ಗುರುಗಳು ಕತೆ ಮುಗಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಅವಳು ತವರಿನ ಸೀರೆ ಇಲ್ಲದೆಯೇ ಹೋದಳೇ?"

"ತಮ್ಮ ಕಳಿಸಿದ್ದು ಎಂದು ಸುಳ್ಳು ಹೇಳಿ, ದೋಣಿಯವನು ತನ್ನ ಹೆಗಲ ಬಟ್ಟೆಯನ್ನು ಹೊದಿಸಿದ."