ಹೊಗೆ ಕುಡಿದೂ ತೂಗಾಡದ ಮಂತ್ರಿ

ಒಂದು ಕಾಡಿನಲ್ಲಿ, ಹೊಳೆಯ ದಡದ ಮೇಲೆ, ಒಂದು ಗೇಟು ಇತ್ತು. ಕಾಡಿಗೆ ಯಾಕಪ್ಪಾ ಗೇಟು ಎಂದು ಕೇಳಬೇಡಿ. ಆ ಕಾಡಿಗೆ ಒಬ್ಬ ರಾಜನಿದ್ದ, ರಾಜನಿಗೆ ಒಬ್ಬ ಮಂತ್ರಿಯಿದ್ದ, ಮಂತ್ರಿಗೆ ಒಂದು ಗೇಟು ಬೇಕಾಗಿತ್ತು. ರಾಜ ಗುಡುಗುರಾಯ ಎಂಬ ಹುಲಿ. ಮಂತ್ರಿ ನಾಜೂಕಯ್ಯ ಎಂಬ ಗುಳ್ಳೆನರಿ. ಗೇಟಿನಲ್ಲಿ ಕೂತು, ಹೊಳೆ ದಾಟಿ ಬಂದ ಮೂಟೆಗಳನ್ನು ಮೂಸುವ ಕೆಲಸ ಸುಂಡಮ್ಮ ಎಂಬ ಸುಂಡಿಲಿಯದು.

ಸುಂಡಮ್ಮ ಒಂದು ಹಿಡಿಯಷ್ಟೂ ಇರಲಿಲ್ಲ. ಮೂಗು ಮಾತ್ರ ಉದ್ದ, ಬಲು ಚುರುಕು. ಅವಳ ಮೈಯಿಂದಲೇ ಒಂದು ಗಬ್ಬು ವಾಸನೆ ಬರುತ್ತಿದ್ದುದರಿಂದ ಯಾರೂ ಅವಳ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಅವಳಿಗೇನೂ ಬೇಜಾರಿರಲಿಲ್ಲ. ಗಾಳಿ ಬೀಸಿದರೆ ಸಾಕು, ದೂರ ನಿಂತವರ ಸಮಾಚಾರವೂ ಅವಳ ಮೂಗಿಗೆ ತಾನಾಗಿ ಬಂದು ಮುಟ್ಟುತ್ತಿತ್ತು.

ಈ ಗೇಟು, ಈ ಮೂಸಾಟ ಎಲ್ಲ ತೂಗುಸೊಪ್ಪಿನ ದೆಸೆಯಿಂದ. ಅದು ಹೊಳೆಯಾಚೆಯ ಕಾಡಿನಲ್ಲಿ ಬೆಳೆಯುವ ಸೊಪ್ಪು. ಒಂದೆಲೆ ಅಗಿದರೆ ಸಾಕು, ಮೈ ಅತ್ತಿತ್ತ ತೂಗಾಡುತ್ತಿತ್ತು. ಸುಮ್ಮಸುಮ್ಮನೆ ನಗು ಬರುತ್ತಿತ್ತು. ಬಾಯಿ ಸಡಿಲವಾಗಿ ಹೊಟ್ಟೆಯೊಳಗಿನ ಗುಟ್ಟೆಲ್ಲ ಹೊರಗೆ ಬೀಳುತ್ತಿತ್ತು. ಆಮೇಲೆ ಮೂರು ದಿನ ನಿದ್ದೆ. ಎದ್ದ ಮೇಲೆ ಮತ್ತೆ ಅದೇ ಬೇಕು. ಗೀಜಗ ಅರ್ಧ ಗೂಡು ನೇಯ್ದು ಹಾಗೇ ಬಿಟ್ಟಿತ್ತು. ಒಂದು ಜಿಂಕೆ ತನ್ನ ಮರಿಯನ್ನು ಎಲ್ಲಿ ಬಿಟ್ಟೆನೆಂದು ಮರೆತು ಕೂತಿತ್ತು. ಇದು ನಗುವ ಮಾತಲ್ಲ, ಆ ಮರಿ ಸಿಗಲೇ ಇಲ್ಲ.

ಅದಕ್ಕೇ ರಾಜ ಆಜ್ಞೆ ಹೊರಡಿಸಿದ್ದ. ಸೊಪ್ಪು ತಂದವರಿಗೆ ಗಡೀಪಾರು. ಹಿಡಿದ ಸೊಪ್ಪನ್ನು ಪ್ರತಿ ಸಂಕ್ರಮಣದ ಬೆಳಿಗ್ಗೆ ಎಲ್ಲರ ಕಣ್ಣೆದುರು ಸುಡಬೇಕು.

ಸುಡುವ ದಿನ ನಾಜೂಕಯ್ಯನ ಠೀವಿ ನೋಡಬೇಕಿತ್ತು! ಬಾಲ ಬಾಚಿಕೊಂಡು ಬಂದು, ಉರಿಯುವ ಮೂಟೆಗಳ ಪಕ್ಕದಲ್ಲೇ ನಿಂತು, ಎದೆ ತುಂಬ ಮೂರು ಸಲ ಹೊಗೆ ಎಳೆದುಕೊಳ್ಳುತ್ತಿದ್ದ.

“ನೋಡಿ, ನಿಮ್ಮ ಪಾಲಿನ ವಿಷ ನಾನು ಕುಡಿದೆ. ನನಗೇನಾದರೂ ಆಯಿತಾ? ಇಲ್ಲ! ಯಾಕೆ ಹೇಳಿ? ಮನಸ್ಸು ಶುದ್ಧ!” ಎನ್ನುತ್ತಿದ್ದ.

ಪ್ರಾಣಿಗಳು ಕಣ್ಣೊರೆಸಿಕೊಂಡು ಜೈಕಾರ ಹಾಕುತ್ತಿದ್ದವು. ಮೊಲಗಳಂತೂ ಅಡ್ಡಬೀಳುತ್ತಿದ್ದವು. ಆಮೇಲೆ ಅವನು, ಸೊಪ್ಪು ಬರುವುದು ಅಲ್ಲಿಂದಲೇ ಎಂದು, ಆಚೆ ಕಾಡಿನ ಮಂತ್ರಿಗೆ ಒಂದು ಗಂಟೆ ಬೈಯುತ್ತಿದ್ದ.

ಸುಂಡಮ್ಮ ಇದನ್ನು ಒಮ್ಮೆಯೂ ನೋಡಿರಲಿಲ್ಲ. ಸಂಕ್ರಮಣದ ದಿನವೂ ಅವಳಿಗೆ ಗೇಟಿನಲ್ಲೇ ಡ್ಯೂಟಿ. ಅಲ್ಲಿಯೂ ಮಂತ್ರಿ ಎರಡು ನಿಯಮ ಮಾಡಿಟ್ಟಿದ್ದ. ಗಾಳಿ ಬಾರದ ಬಂಡೆಯ ಮರೆಯಲ್ಲಿ ಅವಳ ಪೀಠ. ಅರಮನೆಯ ಮುದ್ರೆಯಿದ್ದ ಮೂಟೆಯನ್ನು ಅವಳು ಮೂಸುವಂತಿಲ್ಲ.

“ಅದು ಮಹಾರಾಜರ ಔಷಧಿ ಕಣಮ್ಮ. ನಿನ್ನ ಮೂಗು ತಾಗಿದರೆ ಮೈಲಿಗೆ” ಎಂದಿದ್ದ.

ಮುದ್ರೆಯ ಮೂಟೆಗಳು ಮೊಸಳೆಯ ಬೆನ್ನ ಮೇಲೆ ದಿನಾ ಬಂದು, ಅವಳಿಂದ ದೂರದಲ್ಲೇ ಒಳಗೆ ಹೋಗುತ್ತಿದ್ದವು. ಇಷ್ಟೊಂದು ಔಷಧಿ ಕುಡಿಯಲು ಮಹಾರಾಜರಿಗೆ ಅದೆಂಥ ರೋಗವೋ ಎಂದು ಸುಂಡಮ್ಮನಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಆದರೆ ದೊಡ್ಡವರ ಉಸಾಬರಿ ನನಗ್ಯಾಕೆ ಎಂದು ಸುಮ್ಮನಾಗುತ್ತಿದ್ದಳು.

ಒಂದು ದಿನ ಮುಳ್ಳಣ್ಣ ಎಂಬ ಮುಳ್ಳುಹಂದಿ ಗೆಣಸು ಅಗೆಯಲು ಹೊಳೆಯಾಚೆ ಹೋಗಿ ಬಂದ. ಅವನು ಸುಂಡಮ್ಮನ ನೆರೆಯವ, ಪಾಪದವ. ಮಾತಾಡಿಸಲೆಂದು ಬಂಡೆಯ ಮರೆಗೆ, ಅವಳ ಪಕ್ಕಕ್ಕೇ ಬರುತ್ತಲೇ ಅವಳ ಮೂಗು ಅದುರಿತು.

“ತೂಗುಸೊಪ್ಪು! ತೂಗುಸೊಪ್ಪು!” ಎಂದು ಅಭ್ಯಾಸಬಲದಿಂದ ಕೂಗಿಯೇಬಿಟ್ಟಳು.

ಮಂತ್ರಿಯ ಬಂಟರಾದ ಇಬ್ಬರು ಕರಿಮೂತಿಯ ಕೋತಿಗಳು, ಮುಸುವಗಳು, ಓಡಿಬಂದು ಮುಳ್ಳಣ್ಣನ ಮೈಯೆಲ್ಲ ತಡಕಿದರು. ಬೆನ್ನಿನ ಮುಳ್ಳಿಗೆ ಒಂದೇ ಒಂದು ಎಲೆ ಸಿಕ್ಕಿಕೊಂಡಿತ್ತು.

“ಅಯ್ಯೋ, ಪೊದೆಯಲ್ಲಿ ನುಗ್ಗಿ ಬಂದೆ ಕಣ್ರಪ್ಪಾ, ನನ್ನ ಬೆನ್ನು ನನಗೆ ಕಾಣುತ್ತಾ?” ಎಂದು ಮುಳ್ಳಣ್ಣ ಗೋಳಾಡಿದ.

ಯಾರು ಕೇಳುತ್ತಾರೆ! ಮರುದಿನವೇ ಸಂಕ್ರಮಣ. ಸಾಕ್ಷಿ ಹೇಳಲು ಸುಂಡಮ್ಮನನ್ನೂ ಮೊದಲ ಸಲ ಸಭೆಗೆ ಕರೆಸಿದರು. ಒಂದೇ ಎಲೆ, ಬೇಕೆಂದು ತಂದದ್ದಲ್ಲ ಎಂದು ಅವಳು ಹೇಳಹೊರಟಳು.

ನಾಜೂಕಯ್ಯ ಬಾಯಿ ಹಾಕಿದ. “ಇಂದು ಒಂದೆಲೆ, ನಾಳೆ ಒಂದು ಮೂಟೆ!”

ಹುಲಿ ಆಕಳಿಸಿತು. “ಮುಂದಿನ ಸಂಕ್ರಮಣಕ್ಕೆ ಬೆಂಗಾಡಿಗೆ ಗಡೀಪಾರು” ಎಂದಿತು.

ಬೆಂಗಾಡಿನಲ್ಲಿ ಗೆಣಸಿಲ್ಲ, ನೀರಿಲ್ಲ, ಹೋದವರು ಯಾರೂ ತಿರುಗಿ ಬಂದಿಲ್ಲ. ಮುಳ್ಳಣ್ಣನ ಹೆಂಡತಿ ಎರಡು ಮರಿಗಳನ್ನು ಮುಂದಿಟ್ಟುಕೊಂಡು ಸುಂಡಮ್ಮನನ್ನೇ ನೋಡುತ್ತಿದ್ದಳು. ಒಂದು ಮಾತು ಬೈದಿದ್ದರೂ ಸುಂಡಮ್ಮ ತಡೆದುಕೊಳ್ಳುತ್ತಿದ್ದಳು.

ಆಗ ಮೂಟೆಗಳಿಗೆ ಬೆಂಕಿ ಇಟ್ಟರು. ನಾಜೂಕಯ್ಯ ಮೂರು ಸಲ ಹೊಗೆ ಕುಡಿದ. ಮೊಲಗಳು ಅಡ್ಡಬಿದ್ದವು. ಸುಂಡಮ್ಮ ಅಳುತ್ತಿದ್ದರೂ ಮೂಗು ತನ್ನ ಕೆಲಸ ತಾನು ಮಾಡಿತು.

ಇದು ತೂಗುಸೊಪ್ಪಿನ ಹೊಗೆಯಲ್ಲ! ಬರೀ ಲಂಟಾನದ ತರಗು!

ಹೊಗೆ ಕುಡಿದೂ ಮಂತ್ರಿ ತೂಗಾಡಲಿಲ್ಲವೆಂದರೆ ಅದು ಮನಸ್ಸಿನ ಶುದ್ಧಿಯಲ್ಲ, ಹೊಗೆಯೇ ಸುಳ್ಳು. ಹಾಗಾದರೆ ನಿಜವಾದ ಸೊಪ್ಪು ಎಲ್ಲಿ? ಇಷ್ಟು ವರ್ಷ ಈ ಮೂಗು ಹೊತ್ತುಕೊಂಡು ಏನು ಮಾಡುತ್ತಿದ್ದೆ ಎಂದು ಸುಂಡಮ್ಮ ತನಗೆ ತಾನೇ ಛೀಮಾರಿ ಹಾಕಿಕೊಂಡಳು.

ಮರುದಿನ ಮಧ್ಯಾಹ್ನ, ಮುಸುವಗಳು ಉಂಡು ಗೊರಕೆ ಹೊಡೆಯುವಾಗ, ಅವಳು ಇಲಿಬಿಲದಿಂದ, ಸುಡುವ ಮೂಟೆಗಳನ್ನು ಇಡುತ್ತಿದ್ದ ಮಂತ್ರಿಯ ಉಗ್ರಾಣಕ್ಕೆ ನುಸುಳಿದಳು. ಒಳಗೆ ಸಾಲು ಸಾಲು ಮೂಟೆ. ಎಲ್ಲವೂ ಮುತ್ತುಗದ ಎಲೆ ಸುತ್ತಿ ಬಳ್ಳಿ ಬಿಗಿದವು, ನೋಡಲು ಒಂದೇ ಥರ. ಆದರೆ ಮೂಸಿದರೆ ಎರಡು ಥರ. ಗೋಡೆಯ ಕಡೆಯವೆಲ್ಲ ತೂಗುಸೊಪ್ಪು, ಕಾಡಿನ ಮೂಲೆಮೂಲೆಗೆ ಮಾರಲು. ಬಾಗಿಲ ಕಡೆಯವೆಲ್ಲ ತರಗೆಲೆ, ಸಂಕ್ರಮಣಕ್ಕೆ ಸುಡಲು. ತರಗಿನ ಮೂಟೆಯ ಗಂಟಿನಲ್ಲಿ ಮಾತ್ರ ಒಂದೊಂದು ಗುಲಗಂಜಿ ಸಿಕ್ಕಿಸಿತ್ತು. ಸುಡುವವರಿಗೆ ಅದೇ ಗುರುತು.

ಗುಲಗಂಜಿ ಎಷ್ಟು ಭಾರ? ಸುಂಡಿಲಿಯೂ ಹೊರಬಹುದು. ಸುಂಡಮ್ಮ ದಿನಾ ಮಧ್ಯಾಹ್ನ ಬಂದಳು. ತರಗಿನ ಗಂಟಿನಿಂದ ಹಲ್ಲಿನಲ್ಲಿ ಗುಲಗಂಜಿ ಕಿತ್ತಳು, ಸೊಪ್ಪಿನ ಗಂಟಿಗೆ ಸಿಕ್ಕಿಸಿದಳು. ಕಡೆಯ ದಿನದ ಹೊತ್ತಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಮಂತ್ರಿಯ ಬಾಯಿಂದಲೇ ನಿಜ ಹೊರಬಿದ್ದರೆ ಮಹಾರಾಜರು ನ್ಯಾಯ ಕೊಡದೆ ಇರುತ್ತಾರೆಯೇ ಎಂಬ ಒಂದೇ ಧೈರ್ಯ ಅವಳದು.

ಸಂಕ್ರಮಣ ಬಂತು. ಮುಳ್ಳಣ್ಣನ ಕಾಲಿಗೆ ಬಳ್ಳಿ ಕಟ್ಟಿ ತಂದು ನಿಲ್ಲಿಸಿದರು.

ಸುಂಡಮ್ಮ ಮಂತ್ರಿಯ ಮುಂದೆ ಬಗ್ಗಿ ನಿಂತಳು. “ಬುದ್ಧೀ, ತಾವು ಹೊಗೆ ಕುಡಿಯೋದನ್ನ ಇನ್ನೊಂದು ಸಲ ಕಣ್ತುಂಬ ನೋಡಬೇಕು ಅಂತ ಆಸೆ.”

ನಾಜೂಕಯ್ಯ ಹಿಗ್ಗಿಹೋದ. “ನೋಡು, ನೋಡು! ಸ್ವಲ್ಪ ದೂರ ನಿಂತು ನೋಡು, ವಾಸನೆ!”

ಸುಂಡಮ್ಮ ಗಾಳಿ ಮೂಸಿದಳು. ಅದು ಹೊಳೆಯ ಕಡೆಗೆ ಬೀಸುತ್ತಿತ್ತು. ಅಲ್ಲಿಂದ ಚೆನ್ನಾಗಿ ಕಾಣುತ್ತದೆ ಎಂದು ಹೇಳಿ ಪ್ರಾಣಿಗಳನ್ನೆಲ್ಲ ಹಿಂದಿನ ದಿಬ್ಬಕ್ಕೆ ಕಳಿಸಿದಳು. ಮುಸುವಗಳು ಗುಲಗಂಜಿ ನೋಡಿ ನೋಡಿ ಮೂಟೆ ತಂದು ಒಟ್ಟಿದರು, ಬೆಂಕಿ ಇಟ್ಟರು. ನೀಲಿ ಹೊಗೆ ದಟ್ಟವಾಗಿ ಎದ್ದಿತು.

ನಾಜೂಕಯ್ಯ ಮೊದಲ ಉಸಿರು ಎಳೆದ. ಹುಬ್ಬು ಗಂಟಿಕ್ಕಿತು. ಎದುರಿಗೆ ಇಡೀ ಕಾಡು ನೋಡುತ್ತಿದೆ, ನಿಲ್ಲಿಸುವಂತಿಲ್ಲ. ಎರಡನೆಯದನ್ನೂ ಎಳೆದ. ಮೂರನೆಯದಕ್ಕೆ ಬಾಚಿದ ಬಾಲ ಎಡಕ್ಕೆ ಹೋಯಿತು, ತಲೆ ಬಲಕ್ಕೆ ಹೋಯಿತು. ಕಿಸಕ್ಕನೆ ನಕ್ಕ.

“ಮನಸ್ಸು ಶುದ್ಧ, ಹಿಹಿಹಿ! ಸೊಪ್ಪು ಸುಡೋಕೆ ನನಗೇನು ಹುಚ್ಚಾ? ಇಷ್ಟು ವರ್ಷ ಸುಟ್ಟಿದ್ದೆಲ್ಲ ತರಗು ಕಣ್ರೋ! ಮೊಲಗಳು ತರಗೆಲೆಗೆ ಅಡ್ಡಬಿದ್ದವು!”

“ಏನೋ ಇದು?” ಎಂದು ಹುಲಿ ಗುಡುಗಿತು.

“ಆಚೆ ಕಾಡಿನ ಮಂತ್ರಿ ಯಾರು ಗೊತ್ತಾ? ನನ್ನ ಖಾಸಾ ಭಾವಮೈದ! ಅವನು ಕಳಿಸ್ತಾನೆ, ನಾನು ಮುದ್ರೆ ಒತ್ತಿ ಒಳಗೆ ಬಿಡ್ತೀನಿ. ಜನದ ಮುಂದೆ ಅವನು ನನ್ನನ್ನ ಬೈತಾನೆ, ನಾನು ಅವನನ್ನ ಬೈತೀನಿ. ಆಮೇಲೆ ಒಟ್ಟಿಗೆ ಕೂತು ಏಡಿ ತಿಂತೀವಿ!” ನಾಜೂಕಯ್ಯ ತೂಗಾಡುತ್ತ ಸುಂಡಮ್ಮನ ಕಡೆ ತಿರುಗಿದ. “ಇವಳನ್ನ ಇಟ್ಟಿದ್ದು ಯಾಕೆ? ಗೇಟಿಗೆ ಒಂದು ಮೂಗಿದೆ ಅಂತ ತೋರಿಸೋಕೆ! ಗಾಳಿ ಬಾರದ ಕಡೆ ಕೂರಿಸಿದ್ದೆ, ಪೆದ್ದಿಗೆ ಗೊತ್ತೇ ಆಗಲಿಲ್ಲ!”

ಸುಂಡಮ್ಮನಿಗೆ ಆ ಮಾತು ಚುಚ್ಚಿತು. ಆದರೂ ಹೋಗಲಿ, ಇನ್ನು ನ್ಯಾಯ ಸಿಕ್ಕಿತು ಎಂದು ಆಸೆಯಿಂದ ಹುಲಿಯ ಮುಖ ನೋಡಿದಳು.

ಅಷ್ಟರಲ್ಲಿ ಬಿಸಿಲೇರಿ ಗಾಳಿ ತಿರುಗಿತು. ಅದು ಸುಂಡಮ್ಮನ ಲೆಕ್ಕದಲ್ಲಿ ಇರಲೇ ಇಲ್ಲ. ಹೊಗೆ ನೇರವಾಗಿ ಸಿಂಹಾಸನದ ಕಡೆಗೆ ನುಗ್ಗಿತು. ಗರ್ಜಿಸಲು ಬಾಯಿ ತೆರೆದಿದ್ದ ಹುಲಿ ಹೊಟ್ಟೆ ತುಂಬ ಹೊಗೆ ನುಂಗಿತು. ಮೀಸೆ ಅತ್ತಿತ್ತ ತೂಗಿತು.

“ನನಗೆ ಗೊತ್ತಿತ್ತು ಕಣೋ ನಾಜೂಕಾ, ಎಲ್ಲಾ ಗೊತ್ತಿತ್ತು” ಎಂದು ಗುಡುಗುರಾಯ ಮುಸಿಮುಸಿ ನಕ್ಕ. “ದಿನಾ ಬೆಳಿಗ್ಗೆ ಗವಿ ಬಾಗಿಲಿಗೇ ಬುಟ್ಟಿ ಬುಟ್ಟಿ ಮೀನು ಬರ್ತಿತ್ತಲ್ಲ. ಎಲ್ಲಿಂದ ಅಂತ ಕೇಳಿದರೆ ನಿಂತುಹೋಗುತ್ತೆ. ಅದಕ್ಕೇ ಕೇಳಲಿಲ್ಲ!”

ದಿಬ್ಬದ ಮೇಲೆ ಮರಿ ಕಳೆದುಕೊಂಡ ಜಿಂಕೆ ಎದ್ದು ನಿಂತಿತು. “ಹಾಗಾದರೆ ನನ್ನ ಮರಿ?” ಎಂದು ಕೇಳಿತು. ಉತ್ತರ ಕೊಡಬೇಕಾದವರಿಬ್ಬರೂ ಒಬ್ಬರ ಮೇಲೊಬ್ಬರು ಒರಗಿ ಗೊರಕೆ ಹೊಡೆಯುತ್ತಿದ್ದರು.

ಜಿಂಕೆ ಇಳಿದು ಬಂದು ಮುಳ್ಳಣ್ಣನ ಕಾಲಿನ ಬಳ್ಳಿಯನ್ನು ಹಲ್ಲಿನಿಂದ ಕಡಿಯಿತು. ತಡೆಯಲು ಮುಸುವಗಳಿಗೂ ಧೈರ್ಯ ಬರಲಿಲ್ಲ.

ಸುಂಡಮ್ಮ ಮುಳ್ಳಣ್ಣನ ಮುಂದೆ ತಲೆ ತಗ್ಗಿಸಿದಳು. “ಅಣ್ಣಾ, ಒಂದೆಲೆಗೆ ಕೂಗಿದೆ, ನೂರು ಮೂಟೆಗೆ ಸುಮ್ಮನಿದ್ದೆ. ತಪ್ಪಾಯಿತು.”

“ಕೂಗಬೇಡ ಅಂತ ಯಾರು ಹೇಳಿದರು ತಾಯಿ?” ಎಂದ ಮುಳ್ಳಣ್ಣ. “ಇನ್ನು ಮೇಲೆ ದೊಡ್ಡ ಮೂಟೆಯಿಂದ ಶುರು ಮಾಡು.”

ನಿದ್ದೆ ಮೂರು ದಿನದ್ದು. ಮೂರು ದಿನದಲ್ಲಿ ಎಷ್ಟೋ ಕೆಲಸ ಆಗುತ್ತದೆ. ಉಗ್ರಾಣ ಖಾಲಿಯಾಯಿತು. ಸುಂಡಮ್ಮನ ಪೀಠ ಬಂಡೆಯ ಮೇಲಕ್ಕೆ, ನಾಲ್ಕು ಕಡೆಯ ಗಾಳಿಗೂ ಮುಖ ಮಾಡಿ ಬಂತು. ನಾಜೂಕಯ್ಯನನ್ನು ಅದೇ ಮೊಸಳೆಯ ಬೆನ್ನ ಮೇಲೆ ಹೇರಿ ಆಚೆ ದಡಕ್ಕೆ ಕಳಿಸಿದರು. ಅವನು ಎಚ್ಚೆತ್ತು ಭಾವಮೈದನ ಗುಹೆಯ ಬಾಗಿಲು ಬಡಿದ.

“ಯಾರಪ್ಪಾ ನೀನು? ನಿನ್ನ ಮುಖವನ್ನೇ ನಾನು ನೋಡಿಲ್ಲ” ಎಂದು ಒಳಗಿನಿಂದ ಉತ್ತರ ಬಂತು. ಬಾಗಿಲು ತೆರೆಯಲಿಲ್ಲ. ಕಡೆಗೆ ಅವನು ಬೆಂಗಾಡಿನ ದಾರಿ ಹಿಡಿದ.

ಗುಡುಗುರಾಯ ಕಣ್ಣು ಬಿಟ್ಟಾಗ ಸುತ್ತ ಇಡೀ ಕಾಡು ನಿಂತಿತ್ತು. ನೀನೇ ರಾಜನಾಗಿರು, ಆದರೆ ಒಂದು ಹೊಸ ಕಟ್ಟಳೆ ಇದೆ ಎಂದು ಎಲ್ಲರೂ ಹೇಳಿದರು. ಪ್ರತಿ ಸಂಕ್ರಮಣಕ್ಕೂ ಹಿಡಿದ ಸೊಪ್ಪು ಸುಡುವಾಗ, ಮುದ್ರೆ ಇಟ್ಟುಕೊಂಡವರು ಮೂರು ಸಲ ಹೊಗೆ ಕುಡಿದು, ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಡಬೇಕು. ಪ್ರಶ್ನೆ ಕೇಳುವವಳು ಮರಿ ಕಳೆದುಕೊಂಡ ಜಿಂಕೆ. ಈಗ ಹೊಸದಾಗಿ ಬಂದ ಮಂತ್ರಿ ತೂಗಾಡಿದರೆ ಪ್ರಾಣಿಗಳಿಗೆ ಸಮಾಧಾನ, ನೆಟ್ಟಗೆ ನಿಂತರೆ ಅನುಮಾನ. ಆ ಹುದ್ದೆ ನನಗೆ ಬೇಕು ಎನ್ನುವವರೂ ಬಹಳ ಕಡಿಮೆಯಾಗಿಬಿಟ್ಟರು.

ನೀತಿ: ಕಾಯಬೇಕಾದವರೇ ಕಳ್ಳರ ಜೊತೆ ಸೇರಿದರೆ ಶಿಕ್ಷೆ ಒಂದೆಲೆಯವನಿಗೆ ಬರುತ್ತದೆ, ಮೂಟೆಯವನು ಜೈಕಾರ ಹಾಕಿಸಿಕೊಳ್ಳುತ್ತಾನೆ, ಆದ್ದರಿಂದ ದೊಡ್ಡವರಿಗೆ ಚಪ್ಪಾಳೆ ತಟ್ಟುವ ಮೊದಲು ಅವರು ಸುಟ್ಟದ್ದು ಏನೆಂದು ಮೂಸಿ ನೋಡಬೇಕು.